ಮೂಲಂಗಿ ಸೊಪ್ಪಿನ ಪಥ್ಯ

"ಇದನ್ನ ತಿಂದ್ರ ಕ್ಯಾನ್ಸರ್ ಹೋಗ್ತದಂತ ಹೇಳಿದವರು ನೀವೇ ಏನ್ರಿ?"

ಉಪನ್ಯಾಸಕಿ ಬಸವೇಶ್ವರಿ ಬೆಚ್ಚಿ ತಲೆಯೆತ್ತಿದಳು. ಶಹಾಪುರದ ಕಾಲೇಜಿನ ಸ್ಟಾಫ್ ರೂಮಿಗೆ ಹೇಳದೆ ಕೇಳದೆ ನುಗ್ಗಿದ ಆ ಗಂಡಸು ಒಂದು ಕಟ್ಟು ಮೂಲಂಗಿ ಸೊಪ್ಪನ್ನು ಅವಳ ಮೇಜಿನ ಮೇಲೆ ಒಗೆದಿದ್ದ. ಅವನ ಕಣ್ಣು ಕೆಂಪಗಿದ್ದವು. ಕುಡಿದು ಬಂದಿದ್ದಾನೆಯೇ? ಇಲ್ಲ… ಅತ್ತು ಬಂದಿದ್ದಾನೆ.

"ನಾನು ಹಂಗ ಹೇಳಿಲ್ರಿ. ಮೂಲಂಗಿ, ಎಲಿಕೋಸು, ಸಾಸಿವಿ ಸೊಪ್ಪಿನ್ಯಾಗ ಒಂದು ಘಾಟಿನ ಅಂಶ ಇರ್ತದ. ಕ್ಯಾನ್ಸರ್ ಬರದಂಗ ತಡ್ಯಾಕ ಅದು ಸಹಾಯ ಮಾಡಬಹುದು ಅಂದಿದ್ದೆ."

"ನಮ್ಮವ್ವಗ ಎದಿಯಾಗ ಗಡ್ಡಿ ಆಗ್ಯದ. ದೋರನಹಳ್ಳಿ ಮಹಿಳಾ ಸಂಘದಾಗ ನಿಮ್ಮ ಭಾಷಣ ಕೇಳಿ ಬಂದಾಕಿ ಕಲಬುರಗಿಗೆ ಕೀಮೋಕ್ಕ ಹೋಗೂದು ಬಿಟ್ಟಾಳ. ತನ್ನ ತಂಗಿ ಜೋಡಿ ಹೋಗಿ ಬರ್ತೇನಿ ಅಂತ ನನಗ ಸುಳ್ಳು ಹೇಳ್ಯಾಳ. ನಿನ್ನಿ ಗೊತ್ತಾತು."

ಬಸವೇಶ್ವರಿ ಮೇಜಿನ ಮೇಲಿನ ಸೊಪ್ಪಿನ ಕಟ್ಟನ್ನೇ ನೋಡಿದಳು. ಅವತ್ತು ಚಪ್ಪಾಳೆ ಕೇಳಿ ಎಷ್ಟು ಉಬ್ಬಿದ್ದಳು! ಆ ಭಾಷಣ ಒಂದು ಜೀವಕ್ಕೇ ಕುತ್ತು ತಂದಿತೇ? ಎದ್ದು ನಿಂತಳು.

"ನಡೀರಿ, ನಿಮ್ಮ ಮನಿಗೆ ಹೋಗೂಣು."

ಅವನ ಹೆಸರು ಸುನೀಲಕುಮಾರ, ದೋರನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ ಎಂಬುದು ಗೊತ್ತಾಗಿದ್ದು ಅವನ ಬೈಕ್ ಹತ್ತಿದ ಮೇಲೆಯೇ. ನೋಡಿದವರು ಏನಂದಾರು ಎಂದು ಯೋಚಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಅವನ ತಾಯಿ ಪಾರ್ವತಿಬಾಯಿ ಜೋಳದ ರೊಟ್ಟಿಯ ಜೊತೆ ಹಸಿ ಸೊಪ್ಪು ತಿನ್ನುತ್ತ ಕೂತಿದ್ದಳು. ಕೂದಲು ಉದುರಿದ ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ. ಮೇಡಮ್ಮನನ್ನು ಕಂಡು ಮುಖ ಅರಳಿತು.

"ಯವ್ವಾ, ದವಾಖಾನಿ ಬಿಡ್ರಿ ಅಂತ ನಾನು ಅಂದಿದ್ದೆನೇನು?" ಎಂದಳು ಬಸವೇಶ್ವರಿ.

"ನೀ ಅಂದಿಲ್ಲವ್ವ. ಆದ್ರ ಒಂದು ಪಥ್ಯ ಹಿಡದ ಮ್ಯಾಲ ಇನ್ನೊಂದು ಔಷಧ ಮುಟ್ಟಬಾರದಲ್ಲ? ಕಾಮಾಲಿ ಆದಾಗ ಬೇರಿನ ಔಷಧ ಕುಡದವರು ಸೂಜಿ ಮಾಡಿಸ್ಕೊಂತಾರೇನು? ನಮ್ಮ ಅತ್ತಿ ಕಾಲದಿಂದಲೂ ಹಂಗ."

ಬಸವೇಶ್ವರಿ ದಂಗಾದಳು. ಅವಳ ಸ್ವಂತ ಅಜ್ಜಿಯೂ ಹೀಗೇ ಪಥ್ಯ ಹಿಡಿಯುತ್ತಿದ್ದಳು. ಆದರೂ ಭಾಷಣದಲ್ಲಿ ಔಷಧ ಬಿಡಬೇಡಿ ಎಂಬ ಒಂದು ಮಾತು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ!

ಆ ಬಡಕಲು ಕೈಯನ್ನು ಹಿಡಿದುಕೊಂಡಳು. "ಇದು ಪಥ್ಯ ಅಲ್ಲ, ಊಟ. ಬಂದ ಗಡ್ಡಿ ಕರಗಸೂ ತಾಕತ್ತು ಇದಕ್ಕಿಲ್ಲ. ಹಸೀದು ತಿನ್ನಬೇಕೋ ಬ್ಯಾಡೋ, ಅದನ್ನೂ ಡಾಕ್ಟರಿಗೇ ಕೇಳೂಣು. ನಾಳಿ ಹೊಂಡ್ರಿ, ನಾನೂ ಬರ್ತೇನಿ."

ಪಾರ್ವತಿಬಾಯಿ ಮಗನತ್ತ ತಿರುಗಿದಳು. "ನಾ ಸಾಯ್ತೇನೇನೋ ತಮ್ಮಾ?"

ಸುನೀಲಕುಮಾರ ಎದ್ದು ಹೊರಗೆ ಹೋದ.

ಮರುದಿನ ಕಲಬುರಗಿಯಲ್ಲಿ ಡಾಕ್ಟರು ಮುಖ ಮೂತಿ ನೋಡದೆ ಬೈದರು. ಸ್ಕ್ಯಾನ್ ಮಾಡಿಸಿದ ಮೇಲೆ, ಗಡ್ಡೆ ಸ್ವಲ್ಪ ಬೆಳೆದಿದೆ, ಆದರೆ ಬೇರೆಲ್ಲೂ ಹರಡಿಲ್ಲ ಎಂದರು. ಚಿಕಿತ್ಸೆ ಮತ್ತೆ ಶುರುವಾಯಿತು.

ಪ್ರತಿ ಸಲವೂ ಬಸವೇಶ್ವರಿ ರಜೆ ಹಾಕಿ ಜೊತೆಗೆ ಹೋದಳು. ಮೊದಮೊದಲು ಮನಸ್ಸು ಚುಚ್ಚುತ್ತಿದ್ದುದಕ್ಕೆ ಹೋಗುತ್ತಿದ್ದಳು. ಆಮೇಲಾಮೇಲೆ… ವಾರ್ಡಿನ ಹೊರಗೆ ಅವಳಿಗೆಂದು ಬೆಂಚಿನಲ್ಲಿ ಜಾಗ ಹಿಡಿದು ಕೂರುವ ಆ ಮುಂಗೋಪಿಯನ್ನು ನೋಡದಿದ್ದರೆ ಅವಳಿಗೇ ಸಮಾಧಾನವಿರುತ್ತಿರಲಿಲ್ಲ. ಬೈಯಲು ಬಂದವನ ಮೇಲೆಯೇ ಮನಸ್ಸು ಹೋಗಬೇಕೇ? ತನಗೆ ಹುಚ್ಚೇ ಹಿಡಿದಿರಬೇಕು ಎಂದುಕೊಂಡಳು.

ಒಂದು ಮಧ್ಯಾಹ್ನ ಒಳಗೆ ತಾಯಿಗೆ ಡ್ರಿಪ್ ಏರುತ್ತಿತ್ತು. ಅವನು ನೆಲ ನೋಡುತ್ತ ಮಾತು ತೆಗೆದ.

"ಡಾಕ್ಟರ್ ಇವತ್ತೂ ಭರವಸಿ ಕೊಡಲಿಲ್ರಿ. ನಮ್ಮ ಮನ್ಯಾಗ ನಾಳಿ ಏನಾಗ್ತದೋ ಗೊತ್ತಿಲ್ಲ. ಅದಕ್ಕ ಈಗ ಕೇಳಾಕತ್ತೇನಿ… ನನ್ನ ಮದಿವಿ ಆಗ್ತೀರೇನು?"

ಬಸವೇಶ್ವರಿ ಅವನತ್ತ ತಿರುಗಿದಳು. ಗಂಡಸರು ಸುಖದ ಆಸೆ ತೋರಿಸಿ ಹೆಣ್ಣು ಕೇಳುತ್ತಾರೆ. ಇವನು ಅಳುವುದಕ್ಕೆ ಜೊತೆ ಕೇಳುತ್ತಿದ್ದಾನೆ.

"ನನ್ನ ಮ್ಯಾಲಿನ ಸಿಟ್ಟು ಹೋತೇನು?"

"ಅದು ಯಾವಾಗೋ ಹೋಗ್ಯದರಿ. ಹೇಳಾಕ ಧೈರ್ಯ ಇರಲಿಲ್ಲ."

ಬಸವೇಶ್ವರಿ ಕಣ್ಣೊರೆಸಿಕೊಂಡು ಎದ್ದಳು.

"ಏಳ್ರಿ. ಅತ್ತಿಯವರಿಗೆ ಎಚ್ಚರ ಆಗ್ಯದೇನೋ ನೋಡೂಣು."

"ಯಾರಿಗೆ ಅಂದ್ರಿ?"

"ನನ್ನ ಅತ್ತಿಯವರಿಗೆ," ಎಂದಳು ಅವಳು, ಅವನ ಕೈ ಹಿಡಿದು.