ಏಣಿಯ ಮೇಲೊಬ್ಬರು, ಹಂಚಿನ ಮೇಲೊಬ್ಬರು

"ನಿಂಗೇನು ತಲೆ ಕೆಟ್ಟಿದೆಯೇನೇ?" ಮಾಜಿದಾ ನೀಲಾಳ ತೋಳು ಚಿವುಟಿದಳು. "ನಿಮ್ಮಪ್ಪ ಬೆಳಿಗ್ಗೆನೇ ಬಂದು ಹೋಗ್ಬೇಕಿತ್ತಲ್ಲ! ಈಗ ಯಾಕೆ ಬರ್ತಿದಾರೆ?"

"ನಾನೇ ಊಟ ಆದ್ಮೇಲೆ ಹೋಗಪ್ಪ ಅಂದುಬಿಟ್ಟೆ."

"ನಮ್ಮಬ್ಬಾನ ಊಟ ಆದ್ಮೇಲೆ ಕರ್ಕೊಂಡು ಬರ್ತೀನಿ ಅಂತ ನಿನ್ನೆ ಹೇಳಿರ್ಲಿಲ್ವಾ?"

"ಹೇಳಿದ್ದೆ. ನೀನು ಮರೆತು ಬೆಳಿಗ್ಗೆನೇ ಕರ್ಕೊಂಡು ಬಂದ್ರೆ ಏನ್ಮಾಡೋದು ಅಂತ ಭಯ ಆಯ್ತು ಕಣೇ!"

ಅಯ್ಯೋ, ಭಯಕ್ಕೆ ಬುದ್ಧಿ ಎಲ್ಲಿರುತ್ತದೆ! ನೀಲಾ ಚರ್ಚ್ ಶಾಲೆಯ ಗೇಟಿನ ಕಂಬ ಹಿಡಿದು ನಿಂತಳು. ಪೇಟೆಯ ಕಡೆಯಿಂದ ಅವಳ ಅಪ್ಪ ಮಲ್ಲೇಶಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮಸೀದಿ ಬೀದಿಯ ಕಡೆಯಿಂದ ಮಾಜಿದಾಳ ಅಪ್ಪ ಅಜಮತ್ ಉಲ್ಲಾ ಬರುತ್ತಿದ್ದರು. ಗೇಟಿನ ಹತ್ತಿರ ಇಬ್ಬರೂ ಒಟ್ಟಿಗೇ ಬಂದು ನಿಂತರು. ಒಬ್ಬರು ಚರ್ಚಿನ ಗಂಟೆ ನೋಡಿದರು, ಇನ್ನೊಬ್ಬರು ತಮ್ಮ ಚಪ್ಪಲಿ ನೋಡಿಕೊಂಡರು.

ಕಳೆದ ದೀಪಾವಳಿಯಿಂದ ಅವರಿಬ್ಬರಿಗೂ ಮಾತಿಲ್ಲ. ಅಜಮತ್ ಉಲ್ಲಾ ಶಿಕಾರಿಪುರದಲ್ಲೇ ಹೆಸರಾದ ಗಾಡಿ ಕೆಲಸದವರು. ಅವರು ಮಾಡಿಕೊಟ್ಟ ಚಕ್ರ ಕುಪ್ಪಗಡ್ಡೆ ದಾರಿಯಲ್ಲಿ ಕಳಚಿ, ಮಲ್ಲೇಶಪ್ಪನವರ ಅಂಗಡಿಯ ಅಕ್ಕಿಯೆಲ್ಲ ಹಳ್ಳದ ಪಾಲಾಗಿತ್ತು. "ಇದೇನು ಚಕ್ರವೋ ಹಪ್ಪಳವೋ?" ಎಂದು ಇವರು ನಡುಪೇಟೆಯಲ್ಲಿ ಕೂಗಿದರು. "ಮೂಟೆ ಮೇಲೆ ಮೂಟೆ ಹೇರಿದೋರು ಯಾರು?" ಎಂದು ಅವರೂ ಕೂಗಿದರು. ಅಷ್ಟೇ, ಅವತ್ತಿನಿಂದ ಎದುರು ಸಿಕ್ಕರೆ ಮುಖ ತಿರುಗಿಸುವುದೇ. ಅದೇ ಊರಿನಲ್ಲಿ, ಅದೇ ಚರ್ಚ್ ಶಾಲೆಯಲ್ಲಿ, ಅವರ ಮಕ್ಕಳು ಒಂದನೇ ಕ್ಲಾಸಿನಿಂದ ಒಂದೇ ಮಣೆಯ ಮೇಲೆ ಕೂರುತ್ತಿದ್ದರು. ಈಗ ನಾಲ್ಕನೇ ಕ್ಲಾಸು.

ಈ ಸಂಕಟವೆಲ್ಲ ಬಂದದ್ದು ಹೊಸ ಅಕ್ಕೋರಿಂದ. ಬೇಸಿಗೆ ರಜೆ ಮುಗಿದ ಮೇಲೆ ಪಾಠ ಹೇಳಲು ದಾವಣಗೆರೆಯಿಂದ ಬಂದ ಸುವಾರ್ತಮ್ಮ ಅಕ್ಕೋರಿಗೆ ಊರಿನ ಜಗಳಗಳು ಏನು ಗೊತ್ತು? "ಮಳೆ ಹಿಡಿಯೋಕೆ ಮುಂಚೆ ಶಾಲೆ ಹಂಚು ಇಳಿಸಿ, ತೊಳೆದು, ಮತ್ತೆ ಹೊದಿಸ್ಬೇಕು. ಶನಿವಾರ ಮನೆಗೊಬ್ರು ಬನ್ನಿ. ಸೋರಿದ್ರೆ ನೆನೆಯೋದು ನಿಮ್ಮ ಮಕ್ಕಳ ತಲೆನೇ ಅಲ್ವಾ?" ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದರು. ಇದುವರೆಗೆ ಅಪ್ಪಂದಿರು ಆ ಗೇಟು ದಾಟಿದ್ದೇ ಕಡಿಮೆ.

ನೀಲಾಳ ಅಜ್ಜಿ ಹಾಲಮ್ಮನಿಗೆ ಇದು ಸೇರಲಿಲ್ಲ. "ಹೋಗೋದಾದ್ರೆ ಹೋಗು," ಎಂದು ಮಗನಿಗೆ ಹೇಳಿದ್ದಳು. "ಆದ್ರೆ ಅಲ್ಲಿ ಆ ಅಜಮತನ ಜತೆ ಜಗಳ ಗಿಗಳ ಆತಂದ್ರೆ, ಸೋಮವಾರದಿಂದ ನೀಲಾನ ಸರ್ಕಾರಿ ಶಾಲೆಗೆ ಹಾಕಿಸ್ತೀನಿ ನೋಡು. ಅವನ ಮಗಳ ಪಕ್ಕ ಕೂರೋದೂ ತಪ್ಪುತ್ತೆ."

ಹಾಲಮ್ಮ ಅಂದರೆ ಅಂದಂತೆಯೇ. ಆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ಅದಕ್ಕೇ ಈ ಹುಡುಗಿಯರು ಒಬ್ಬಳ ಅಪ್ಪ ಬೆಳಿಗ್ಗೆ, ಇನ್ನೊಬ್ಬಳ ಅಪ್ಪ ಊಟ ಆದ ಮೇಲೆ ಬರುವಂತೆ ಪ್ಲಾನು ಹಾಕಿದ್ದು.

"ಬನ್ರಿ ಬನ್ರಿ, ಒಳ್ಳೆ ಹೊತ್ತಿಗೆ ಬಂದ್ರಿ!" ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. "ಮೇಲಿದ್ದೋರಿಬ್ರೂ ಊಟಕ್ಕೆ ಹೋದ್ರು. ನೀವು ಮೇಲೆ ಹತ್ತಿ ಅಂಚಿನಲ್ಲಿ ಕೂತ್ಕೊಳ್ಳಿ ಸಾಬ್ರೆ. ನೀವು ಏಣಿ ಮೇಲೆ ನಿಂತ್ಕೊಳ್ಳಿ ಯಜಮಾನ್ರೆ. ಅವರು ಕೊಟ್ಟಿದ್ದನ್ನ ನೀವು ಇಸ್ಕೊಳ್ಳಿ."

ಹಂಚು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿದ್ದವರೆಲ್ಲ ಒಂದು ಕ್ಷಣ ಕೈ ನಿಲ್ಲಿಸಿದರು. ಏಣಿಯ ಕೆಳಗೆ ಹಂಚು ಹಿಡಿಯಲು ನಿಂತಿದ್ದ ಮಂಜಪ್ಪ ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮಿದ. ಇಲ್ಲ ಎನ್ನಲು ಇಬ್ಬರಿಗೂ ನಾಚಿಕೆಯಾಗಿರಬೇಕು. ಅಜಮತ್ ಉಲ್ಲಾ ಏಣಿ ಹತ್ತಿದರು. ಹಿಂದೆಯೇ ಮಲ್ಲೇಶಪ್ಪ ಹತ್ತಿದರು.

ಹುಡುಗಿಯರಿಗೆ ಹಂಚು ತಿಕ್ಕುವ ಕೆಲಸ. ತೆಂಗಿನ ನಾರು ಹಿಡಿದು ಪಾಚಿ ಉಜ್ಜುತ್ತಾ ನೀಲಾ ಒಂದೇ ಸಮನೆ ಮೇಲೆ ನೋಡುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುತ್ತಿದ್ದಳು.

"ಏನಾದ್ರೂ ಮಾತಾಡ್ತಿದಾರಾ?" ಮಾಜಿದಾ ಕೇಳಿದಳು. ಅವಳಿಗೆ ನೋಡಲೂ ಧೈರ್ಯವಿಲ್ಲ.

"ಇಲ್ಲ. ಮುಖಾನೂ ನೋಡ್ತಿಲ್ಲ."

ಹಂಚು ಇಳಿಯುತ್ತಲೇ ಇತ್ತು. ಮೇಲಿನವರು ಚಾಚುವುದು, ಕೆಳಗಿನವರು ಇಸಿದುಕೊಳ್ಳುವುದು. ಉಳಿದವರೆಲ್ಲ "ಹಿಡ್ಕೋ", "ಬಂತು", "ನಿಧಾನ ಮಾರಾಯ" ಎನ್ನುತ್ತಿದ್ದರೆ ಇವರಿಬ್ಬರು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹೀಗೇ ಸಂಜೆಯಾಗಿಬಿಡಲಿ ದೇವರೇ ಎಂದು ನೀಲಾ ಬೇಡಿಕೊಂಡಳು. ಯಾವ ದೇವರೆಂದು ಯೋಚಿಸುವಷ್ಟು ಸಮಾಧಾನ ಅವಳಿಗಿರಲಿಲ್ಲ.

ಆಗಲೇ ಅಪ್ಪನ ದನಿ ಕೇಳಿತು.

"ಅಜಮತ್! ಕೈ ಬಿಡು!"

ಹಂಚು ಅಪ್ಪನ ಮೊಣಕಾಲಿಗೆ ತಾಗಿ, ನೆಲಕ್ಕೆ ಬಿದ್ದು ಚೂರುಚೂರಾಯಿತು.

"ಹಾ, ಶುರುವಾಯ್ತು ನೋಡ್ರಪ್ಪ!" ಯಾರೋ ಕೂಗಿದರು. ಅಕ್ಕೋರು ಓಡಿ ಬಂದರು. ಮಾಜಿದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಗಿಯಿತು, ಎಲ್ಲ ಮುಗಿಯಿತು! ಸೋಮವಾರ ತನ್ನ ಜಾಗದಲ್ಲಿ ಯಾರು ಕೂರುತ್ತಾರೋ ಎಂದುಕೊಂಡು ನೀಲಾ ಅತ್ತೇಬಿಟ್ಟಳು.

"ದೂರ ಇರ್ರಿ, ದೂರ ಇರ್ರಿ!" ಮಂಜಪ್ಪ ಹಾರಿ ಹಿಂದೆ ಸರಿದ.

ಹಂಚಿನ ಚೂರುಗಳ ನಡುವಿನಿಂದ ಕರೀ ಚೇಳೊಂದು ಕೊಂಡಿ ಎತ್ತಿಕೊಂಡು ಹೊರಗೆ ಬಂತು. ಅಂಗೈಯಷ್ಟು ದೊಡ್ಡದು. ಮಂಜಪ್ಪ ಕಲ್ಲು ಎತ್ತಿ ಹಾಕಿದ.

ಹಂಚಿನ ಅಡಿಯಲ್ಲಿ, ಅಜಮತ್ ಉಲ್ಲಾರ ಬೆರಳಿನ ಪಕ್ಕದಲ್ಲೇ ಅದು ಅಂಟಿಕೊಂಡಿತ್ತು. ಮೇಲೆ ಕೂತವರಿಗೆ ಕಾಣುವಂತಿರಲಿಲ್ಲ. ಏಣಿಯ ಮೇಲಿದ್ದವರಿಗೆ ಕಂಡಿತ್ತು.

ಅಜಮತ್ ಉಲ್ಲಾ ತಮ್ಮ ಬೆರಳುಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಮಲ್ಲೇಶಪ್ಪನವರ ಮೊಣಕಾಲು ನೋಡಿದರು. ತರಚಿ ರಕ್ತ ಬಂದಿತ್ತು. ಮುಂದಿನ ಹಂಚು ಎತ್ತಿದರು. ಈ ಸಲ ಅದನ್ನು ತಿರುಗಿಸಿ, ಅಡಿಭಾಗವನ್ನು ಚೆನ್ನಾಗಿ ನೋಡಿ, ಬೆರಳಿನಿಂದ ಟಕಟಕ ತಟ್ಟಿ, ಆಮೇಲೆ ಕೆಳಗೆ ಚಾಚಿದರು. ಮಲ್ಲೇಶಪ್ಪ ಇಸಿದುಕೊಂಡರು. ಸಂಜೆಯವರೆಗೂ ಹಾಗೆಯೇ ನಡೆಯಿತು. ಹೊರಡುವಾಗ ಇಬ್ಬರೂ ತಂತಮ್ಮ ಬೀದಿ ಹಿಡಿದರು, ಬರ್ತೀನಿ ಅಂತಲೂ ಅನ್ನಲಿಲ್ಲ.

ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ಊಟಕ್ಕೆ ಕೂತಾಗ ಹಾಲಮ್ಮ ಶುರುಮಾಡಿದಳು. "ಅಜಮತನ ಜತೆ ಗಲಾಟೆ ಆತಂತೆ? ಹಂಚು ಬಿಸಾಡಿದ್ನಂತೆ? ನಾನು ಮೊದ್ಲೇ ಹೇಳಿದ್ದೆ. ನಾಳಿದ್ದಿಂದ ಹುಡುಗಿ..."

"ಗಲಾಟೆ ಏನೂ ಆಗಿಲ್ಲವ್ವ."

"ಮತ್ತೆ ಅವನನ್ನ ಮಾತಾಡಿಸಿದೆಯಂತೆ?"

"ನಾನ್ಯಾಕೆ ಮಾತಾಡಿಸ್ಲಿ?" ಎಂದರು ಅಪ್ಪ.

ಹೆಸರು ಹಿಡಿದು ಕೂಗಿದೆಯಲ್ಲಪ್ಪ ಎಂದು ಹೇಳಲು ನೀಲಾ ಬಾಯಿ ತೆರೆದಳು. ಅಪ್ಪ ರೊಟ್ಟಿ ಮುರಿಯುತ್ತಿದ್ದರು. ನಿಜವಾಗಿಯೂ ಮಾತಾಡಿಸಿಲ್ಲವೆಂದೇ ಅವರು ಅಂದುಕೊಂಡಂತಿತ್ತು. ಅವಳೂ ತನ್ನ ರೊಟ್ಟಿ ಮುರಿದಳು.

"ಇನ್ನೊಂದು ಕಡೆ ಹಂಚು ಹಾಗೇ ಉಳಿದಿದೆ," ಅಪ್ಪ ಮತ್ತೆ ಹೇಳಿದರು. "ಬರೋ ಶನಿವಾರಾನೂ ಹೋಗ್ಬೇಕು. ಏಣಿ ಮೇಲೆ ನಾನೇ ನಿಲ್ಲೋದು. ನೀಲಾನ ಸುದ್ದಿ ಬಿಡು, ಅವಳು ಅಲ್ಲೇ ಓದ್ಲಿ."

ಹಾಲಮ್ಮ ಮಗನ ಮುಖ ನೋಡಿದಳು. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ನೀಲಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವಳ ಕಣ್ಣ ಮುಂದೆ ಆ ಹಂಚು ಮತ್ತೆ ಬಿತ್ತು. ಅಪ್ಪ "ಕೈ ಬಿಡು" ಎಂದಿದ್ದರು. ಅಷ್ಟು ತಿಂಗಳು ಅಪ್ಪನ ಮುಖ ನೋಡದ ಅಜಮತ್ ಉಲ್ಲಾ, ಯಾಕೆ ಎಂದು ಒಂದು ಮಾತೂ ಕೇಳದೆ ಕೈ ಬಿಟ್ಟುಬಿಟ್ಟಿದ್ದರು.