ಮೊದಲು ಉಂಡವನ ತಪ್ಪೊಪ್ಪಿಗೆ

"ನಿಮ್ಮ ಕಾದಂಬರೀಲಿ ಕಥೆ ಹೇಳೋನು ಮಹಾ ಸುಳ್ಳ!"

ಮಲಾಂಗ್ ಪಟ್ಟಣದ ಆ ಪುಟ್ಟ ಪ್ರಕಾಶನದಲ್ಲಿ ಸಂಪಾದಕಿ ವೆನಿಂಗ್, ಲೇಖಕ ಲುಹುರ್‌ಗೆ ಆಡಿದ ಮೊದಲ ಮಾತೇ ಅದು. ಕೂತ್ಕೊಳ್ಳಿ ಅಂತಲೂ ಅಂದಿರಲಿಲ್ಲ.

"ಗೊತ್ತು ಮೇಡಂ. ಸಾಕಿದವನು ನಾನೇ ಅಲ್ವಾ?"

ನಗಬಾರದು ಅಂದುಕೊಂಡೇ ನಕ್ಕಳು. ಅಲ್ಲಿಗೆ ಕೆಟ್ಟಳು!

ಎಂಟು ತಿಂಗಳಾಯಿತು. ಭಾನುವಾರ ಅವನು ಅವಳ ಮನೆಗೆ ಹೆಣ್ಣು ಕೇಳಲು ಬರುವವನಿದ್ದ. ಅನಾಥನಿಗೆ ಹಿರಿಯರೆಲ್ಲಿ? ಬಾಡಿಗೆ ಮನೆಯ ಯಜಮಾನಿಯೇ ತಾಯಿಯಾಗಿ ಬರುತ್ತೇನೆಂದು ಸೀರೆಯಂಥ ಹೊಸ ಬಾತಿಕ್ ಉಟ್ಟು ನೋಡಿಕೊಂಡಿದ್ದಳಂತೆ.

ಶುಕ್ರವಾರ ವೆನಿಂಗ್ ಕೊನೆಯ ಕರಡು ತಿದ್ದುತ್ತ ಕೂತಳು. ಕಥೆ ಅನಾಥಾಶ್ರಮದ್ದು. ಹೇಳುವವನು ಅಲ್ಲಿನ ದೊಡ್ಡ ಹುಡುಗ, ಅನ್ನದ ಸೌಟು ಅವನ ಕೈಯಲ್ಲಿ. 'ಮೊದಲು ನಾನೇ ಉಣ್ಣುತ್ತಿದ್ದೆ. ಮೀನಿನ ನಡುತುಂಡು ನನ್ನದು. ಚಿಕ್ಕವರು ಅತ್ತರೆ ಸೌಟಿನಲ್ಲೇ ಬಾರಿಸುತ್ತಿದ್ದೆ.'

ಸೌಟು ಹಿಡಿದಿದ್ದೆ ಅಂತ ಲುಹುರ್ ಕೂಡ ಒಮ್ಮೆ ಹೇಳಿದ್ದ... ಹಾಗಾದರೆ?

"ಕಟುಕನ ಕಥೆ ಬರೆದವನೆಲ್ಲ ಕಟುಕನಾದ್ರೆ ನಮ್ಮ ಕಪಾಟನ್ನ ಜೈಲಿಗೆ ಹಾಕ್ಬೇಕಿತ್ತು ಕಣೇ," ಅವಳ ಅನುಮಾನ ಕೇಳಿ ಅಂದಳು ಪಕ್ಕದ ಮೇಜಿನ ಗೆಳತಿ, ರಾತ್ರಿ ಅಂತ ಅವಳ ಹೆಸರು.

ವೆನಿಂಗ್‌ಗೆ ನಗು ಬರಲಿಲ್ಲ. ಸಂಜೆ ಅವನು ಬಂದಾಗ ಪುಟ ಮುಂದಿಟ್ಟಳು.

"ಇವನು ನೀವೇನಾ?"

"ಹೂಂ."

"ಮಕ್ಕಳಿಗೆ ಹೊಡೀತಿದ್ರಾ?"

"ಬರೆದಿದೀನಲ್ಲ."

ಅವನ ರೆಪ್ಪೆಯೂ ಅಲುಗಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು. ಮರುಗಳಿಗೆಗೆ ಬೇರೆಯೇ ಅನುಮಾನ. ಇಷ್ಟು ಸಲೀಸಾಗಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರಾ?

ಪುಟ ಹಿಂದಕ್ಕೆ ಮಗುಚಿದಳು. ಅನ್ನದ ಹಂಡೆಯ ತಳದಲ್ಲಿ ಮೂರು ತೇಪೆ. ಒಂದರ ಅಂಚಿಗೆ ಸೀದ ಅನ್ನ ಕಚ್ಚಿಕೊಳ್ಳುತ್ತಿತ್ತು, ಉಗುರಿನಲ್ಲಿ ಕೆರೆಯಬೇಕಿತ್ತು, ನೀರು ಹಾಕಿದರೆ ಬೇಗ ಬಿಡುತ್ತಿತ್ತು... ಅಬ್ಬಾ, ಎರಡು ಪುಟ! ನಡುತುಂಡಿನ ರುಚಿಗೆ ಮಾತ್ರ ಒಂದು ಸಾಲೂ ಇಲ್ಲ.

"ಲುಹುರ್, ಮೊದಲು ಉಂಡವನಿಗೆ ಹಂಡೆಯ ತಳ ಇಷ್ಟು ಚೆನ್ನಾಗಿ ಹೇಗೆ ಗೊತ್ತು?"

ಅವನು ಕಿಟಕಿಯತ್ತ ತಿರುಗಿದ.

"ನೀವು ಕೊನೇಲಿ ಉಂಡವರು. ಕೆರೆದು ಉಂಡವರು! ಯಾಕ್ರೀ ಈ ಸುಳ್ಳು? ಇಷ್ಟು ದೊಡ್ಡ ತಪ್ಪನ್ನ ಮೈಮೇಲೆ ಎಳ್ಕೊಂಡು ಯಾವ ತಪ್ಪು ಮುಚ್ತಿದೀರಾ?"



"ಆಶ್ರಮದ ತನಿಖೆಗೆ ಒಬ್ಬ ಅಧಿಕಾರಿ ಬಂದಿದ್ರು... ಎಲ್ಲರ ಪರವಾಗಿ ನನ್ನನ್ನ ನಿಲ್ಲಿಸಿ, 'ಚೆನ್ನಾಗಿದೀರೇನಪ್ಪಾ?' ಅಂದ್ರು. ಹಿಂದೆ ವಾರ್ಡನ್. ಪಕ್ಕದಲ್ಲಿ ಜ್ವರ ಬಂದ ಪುಟ್ಟ ಹುಡುಗ ಸಪ್ತೋ, ನನ್ನ ಅಂಗಿ ಹಿಡ್ಕೊಂಡು ನಿಂತಿದ್ದ. 'ಚೆನ್ನಾಗಿದೀವಿ ಸಾರ್' ಅಂದೆ. ಆ ವಾರವೇ ಅವನು ಓಡಿಹೋದ. ಸಿಗಲೇ ಇಲ್ಲ."

"ಅದನ್ನ ಬರೀಬಹುದಿತ್ತಲ್ಲ..."

"ರಾಕ್ಷಸ ಅಂತ ಬರ್ಕೊಳ್ಳೋದು ಸುಲಭ ವೆನಿಂಗ್. ಹೇಡಿ ಅಂತ ಬರ್ಕೊಳ್ಳೋಕೆ ಕೈ ಬರಲಿಲ್ಲ. ಭಾನುವಾರ... ಬರೋದು ಬೇಡ ಅಂದ್ರೆ ಬರಲ್ಲ."

ಅವಳು ಕುರ್ಚಿ ಅವನ ಹತ್ತಿರಕ್ಕೆ ಎಳೆದುಕೊಂಡಳು. ಒರೆಸದೆ ಬಿಟ್ಟ ಅವಳ ಕಣ್ಣೀರು ಕರಡಿನ ಮೇಲೆ ಬಿತ್ತು.

"ಈಗ ನಾನು ಕೇಳ್ತಿದೀನಿ. ಹಿಂದೆ ಯಾರೂ ನಿಂತಿಲ್ಲ. ಚೆನ್ನಾಗಿದೀರಾ?"

ಅವನು ಕಿಟಕಿ ಬಿಟ್ಟು ಅವಳತ್ತ ತಿರುಗಿದ.

"ಇಲ್ಲ."

"ಇದನ್ನ ನಂಬ್ತೀನಿ," ಎಂದು ಅವನ ಕೈ ಹಿಡಿದಳು. "ಭಾನುವಾರ ಬೇಗ ಬನ್ನಿ. ಅಮ್ಮನಿಗೆ ಕಾಯೋದು ಅಂದ್ರೆ ಆಗಲ್ಲ... ನನಗೂ!"