ಫಕೀರಪ್ಪನವರ ಆಲೂಗಡ್ಡೆ

ಆಹಾರದೊಳಗಿನ ಲವಣ ಸೆಳೆದು ತೆಗೆಯುವ ‘ಲವಣಸೆಳೆ’ ಒಲೆಯ ಗಾಜಿನ ತೊಟ್ಟಿಯಲ್ಲಿ, ಆಗಷ್ಟೇ ಫ್ರೀಜರಿನಿಂದ ತೆಗೆದ ಆಲೂಗಡ್ಡೆಯ ಕಡ್ಡಿಗಳು ಬೆಚ್ಚನೆಯ ನೀರಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದವು. ತೊಟ್ಟಿಯ ಎರಡೂ ಬದಿಯ ಫಲಕಗಳ ನಡುವೆ ಸಣ್ಣಗೆ ವಿದ್ಯುತ್ ಹರಿಯುತ್ತಿತ್ತು. ಪರದೆಯ ಮೇಲೆ ನೂರು ಗ್ರಾಂ ಆಲೂಗಡ್ಡೆಯಲ್ಲಿನ ಪೊಟ್ಯಾಸಿಯಂ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಇಳಿಯುತ್ತ ಬಂತು: ನಾನೂರು, ಇನ್ನೂರೈವತ್ತು, ಎಂಬತ್ತು.

ಗದಗಿನ ಡಯಾಲಿಸಿಸ್ ಕೇಂದ್ರದ ಅಡುಗೆಕೋಣೆಯಲ್ಲಿ ನಿಂತು ಅದನ್ನು ನೋಡುತ್ತಿದ್ದ ಫಕೀರಪ್ಪ ಕಮ್ಮಾರರಿಗೆ ಅರವತ್ತಮೂರು ವರ್ಷ. ಲಾರಿಗಳ ಸ್ಪ್ರಿಂಗ್ ಪಾಟಾ ಬಡಿಯುತ್ತಿದ್ದ ಗಟ್ಟಿ ಆಳು. ಆರು ವರ್ಷದ ಹಿಂದೆ ಅವರ ಎರಡೂ ಮೂತ್ರಪಿಂಡಗಳು ಸೋತಿದ್ದವು. ಒಮ್ಮೆ ಮದುವೆಯೂಟದಲ್ಲಿ ಆಸೆ ತಡೆಯದೆ ಎರಡು ಸಲ ಹಾಕಿಸಿಕೊಂಡ ಆಲೂಗಡ್ಡೆ ಪಲ್ಯ ಅವರ ಎದೆಬಡಿತವನ್ನೇ ನಿಲ್ಲಿಸುವುದರಲ್ಲಿತ್ತು. ರಕ್ತದಲ್ಲಿ ಉಳಿದ ಪೊಟ್ಯಾಸಿಯಂ ಹೃದಯದ ಲಯ ಕೆಡಿಸಿತ್ತು. ಅಂದಿನಿಂದ ಅವರು ಮನೆಯವರ ಊಟ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರು.

“ಮನ್ಯಾಗೂ ಆಲೂಗಡ್ಡಿ ನೆನಸಿ ನೀರು ಚೆಲ್ಲತಿದ್ವಿ, ಮೇಡಮ್ಮರ. ಆದ್ರೂ ಡಾಕ್ಟರು ತಿನ್ನಬ್ಯಾಡ ಅಂದ್ರು. ಇದರಾಗೇನು ಬ್ಯಾರೆ?” ಎಂದು ಕೇಳಿದರು.

ಆಹಾರ ವಿಜ್ಞಾನಿ ಡಾ. ರೇಷ್ಮಾ ನದಾಫ್ ಒಂದು ಕಡ್ಡಿಯನ್ನು ಎತ್ತಿ ಹಿಡಿದರು. “ಹಸಿ ಗಡ್ಡಿ ಅಂದ್ರ ಬಾಗಿಲಾ ಹಾಕಿದ ಮನಿ ಇದ್ದಂಗ, ಕಾಕಾ. ಇದನ್ನ ಹೆಪ್ಪುಗಟ್ಟಿಸಿದಾಗ ಒಳಗಿನ ನೀರು ಬರ್ಫಿನ ಹರಳಾಗಿ ಗೋಡೆಗಳನ್ನ ಸೀಳತೈತಿ. ಆ ಸೀಳಿನಿಂದ ಪೊಟ್ಯಾಸಿಯಂ ಹೊರಗ ಬರತೈತಿ. ನಮ್ಮ ವಿದ್ಯುತ್ತು ಅದನ್ನ ಎಳಕೊಳ್ಳತೈತಿ.”

ನೀರು ಬಸಿದ ಮೇಲೆ ಒಲೆ ಒಂದೇ ಚಮಚ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿ, ಬಿಸಿಗಾಳಿಯಲ್ಲಿ ಕಡ್ಡಿಗಳನ್ನು ಹೊಂಬಣ್ಣಕ್ಕೆ ತಂದಿತು. ಬಣ್ಣ ಕಂದಿಗೆ ತಿರುಗುವ ಮೊದಲೇ ಆರಿತು. ಹೆಚ್ಚು ಕಂದಾದಷ್ಟೂ ಆಲೂಗಡ್ಡೆಯಲ್ಲಿ ಬೇಡದ ರಾಸಾಯನಿಕ ಹೆಚ್ಚುತ್ತದೆ.

ಫಕೀರಪ್ಪ ಮೊದಲ ಕಡ್ಡಿಯನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು, ತಟ್ಟೆ ಖಾಲಿ ಮಾಡಿದರು. ಮೂರು ಗಂಟೆಯ ನಂತರ ರಕ್ತಪರೀಕ್ಷೆಯ ವರದಿ ಬಂತು. ಎಲ್ಲ ಮಿತಿಯೊಳಗೇ ಇತ್ತು. ರೇಷ್ಮಾ ಆಗ ಕೂತರು. ಅಷ್ಟು ಹೊತ್ತೂ ಅವರು ಕುರ್ಚಿಯ ಮೇಲೆ ಕೂತಿರಲಿಲ್ಲ.

“ಜೀವಾ ಉಳೀತು ಖರೆ. ರುಚಿ ಮಾತ್ರ ಹಳ್ಳ ಹಿಡದೈತಿ,” ಎಂದರು ಫಕೀರಪ್ಪ.

ಉಪ್ಪು ರಕ್ತದೊತ್ತಡ ಏರಿಸುವುದರಿಂದ ಅದನ್ನು ಹಾಕುವಂತಿರಲಿಲ್ಲ. ಪ್ರಯೋಗಕ್ಕೆ ಒಪ್ಪಿದ್ದ ನಲವತ್ತು ರೋಗಿಗಳ ಮನೆಗಳಿಗೆ ಒಲೆ ಕೊಟ್ಟಾಗ ರೇಷ್ಮಾರಿಗೆ ಇದೇ ಚಿಂತೆಯಾಗಿತ್ತು. ಆದರೆ ಫಕೀರಪ್ಪನವರ ಹೆಂಡತಿ ದ್ಯಾಮವ್ವ ಎರಡೇ ದಿನದಲ್ಲಿ ದಾರಿ ಹುಡುಕಿದರು. ಹುರಿದ ಜೀರಿಗೆ, ಮೆಣಸು, ಒಂದೆಸಳು ಬೆಳ್ಳುಳ್ಳಿ ಕುಟ್ಟಿ ಉದುರಿಸಿ ಲಿಂಬೆ ಹಿಂಡಿದರು. ಕೇಂದ್ರದ ಆಹಾರತಜ್ಞರು ಅಳತೆ ನೋಡಿ ಒಪ್ಪಿದರು. ಪುಡಿಯ ಸುದ್ದಿ ಡಯಾಲಿಸಿಸ್ ಮಂಚದಿಂದ ಮಂಚಕ್ಕೆ ಹಬ್ಬಿತು.

ಮೂರು ತಿಂಗಳ ಕೊನೆಗೆ ರೇಷ್ಮಾ ಅಂಕಿಅಂಶ ನೋಡುತ್ತ ಗೊಂದಲಕ್ಕೆ ಬಿದ್ದರು. ರೋಗಿಗಳು ಕ್ಷೇಮವಾಗಿದ್ದರು, ಅದು ನಿರೀಕ್ಷಿತವೇ. ಆದರೆ ಸುಮ್ಮನೆ ರೂಢಿಯಂತೆ ಬರೆದಿಟ್ಟಿದ್ದ ಮನೆಯವರ ರಕ್ತದೊತ್ತಡವೂ ಮೂವತ್ತೊಂದು ಮನೆಗಳಲ್ಲಿ ಇಳಿದಿತ್ತು. ದ್ಯಾಮವ್ವನ ಮಾತ್ರೆಯನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದರು.

ರೇಷ್ಮಾ ದ್ಯಾಮವ್ವನ ಮನೆಗೇ ಹೋದರು. “ಕಾಕೂ, ನೀವೇನು ಔಷಧ ತಗೊಂಡ್ರಿ?”

“ಏನೂ ಇಲ್ಲವ್ವಾ. ಆರು ವರ್ಷ ಅವರಿಗೊಂದು, ನಮಗೊಂದು ಅಡಿಗಿ ಮಾಡೀನಿ. ಅವರು ಮನ್ಯಾಗ ಮದಲ ಸಲ ಆಲೂಗಡ್ಡಿ ತಿಂದ ದಿನಾ ಎಲ್ಲಾರೂ ಕೂಡಿ ಕುಂತ್ವಿ. ಆಮ್ಯಾಲೆ ಬ್ಯಾರೆ ಮಾಡಾಕ ಮನಸಾಗಲಿಲ್ಲ. ಅವರ ಉಪ್ಪಿಲ್ಲದ ಪಲ್ಯಾನಽ ನಮಗೂ ಆತು. ಮದಲಿಗೆ ಸಪ್ಪಗ ಅನಿಸ್ತಿತ್ತು. ಈಗ ಉಪ್ಪು ಹಾಕಿದ್ದು ಬಾಯಿಗೆ ಹತ್ತಂಗಿಲ್ಲ.”

ರೇಷ್ಮಾ ಪುಸ್ತಕ ತೆರೆದು ‘ಉಪ್ಪು’ ಎಂದು ಬರೆದು ಅಡಿಗೆರೆ ಎಳೆದರು. ರೋಗಿಯು ಎಲ್ಲರಂತೆ ಉಣ್ಣಲಿ ಎಂದು ಅವರು ಒಲೆ ಕಟ್ಟಿದ್ದರು. ಎಲ್ಲರೂ ರೋಗಿಯಂತೆ ಉಣ್ಣತೊಡಗಿದ್ದರು.

ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ಫಕೀರಪ್ಪನವರ ತಟ್ಟೆಗೆ ಮೊಮ್ಮಗಳು ಸಹನಾ ಸದ್ದಿಲ್ಲದೆ ಕೈ ಹಾಕಿ ಎರಡು ಕಡ್ಡಿ ಎಗರಿಸಿದಳು.

“ಎಲ್ಲಾ ನೀನಽ ತಿಂದ್ರ ನನಗೇನು ಉಳೀತೈತಿ?” ಎಂದು ಗದರಿದ ಫಕೀರಪ್ಪ, ತಟ್ಟೆಯನ್ನು ಅವಳ ಕಡೆಗೆ ಸರಿಸಿದರು.